ರಿಸೆಟ್ ಆದ ಮೇಲೆ 49 ಕಿಲೋ ಚೀಲ ಮಾತ್ರ ಯಾಕೆ ಬರಲ್ಲ: ತೂಕದ ಸ್ಕೇಲಿನ ಯುಎಸ್‌ಬಿ ಡ್ರೈವರ್ ದೋಷ ಹಿಡಿದು ಸರಿಪಡಿಸಿದ್ದು

ಲಕ್ಷಣ

ಚಿಕ್ಕಮಗಳೂರಿನ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ಆಲ್ದೂರು, ಮೂಡಿಗೆರೆ ಕಡೆಯ ತೋಟಗಳಿಂದ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಚೀಲಗಳು ಬಂದು ಇಳಿಯುತ್ತವೆ. ಇಳಿಸುವ ಜಾಗದಲ್ಲಿ ಒಂದು ಎಲೆಕ್ಟ್ರಾನಿಕ್ ಸ್ಕೇಲ್ ಇದೆ. ಅದು ಯುಎಸ್‌ಬಿ ಕೇಬಲ್ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಸೇರಿದೆ. ಚೀಲ ಇಟ್ಟರೆ ತೂಕ ತಾನಾಗಿ ಬಿಲ್ಲಿನ ಸಾಫ್ಟ್‌ವೇರಿಗೆ ಬರಬೇಕು.

ಬೆಳಗ್ಗೆ ಎಲ್ಲ ಸರಿ ಇರುತ್ತಿತ್ತು. ಕಾಫಿಯ ಸಿಪ್ಪೆ ತೆಗೆಯುವ ಹಲ್ಲರ್ ಯಂತ್ರದ ಮೋಟರ್ ಶುರುವಾದ ಮೇಲೆ ಯಾವಾಗಲೋ ಒಮ್ಮೆ ತೂಕ ಬರುವುದು ತಪ್ಪುತ್ತಿತ್ತು. ಪೂರ್ತಿ ನಿಂತು ಹೋಗುತ್ತಿರಲಿಲ್ಲ, ಅದೇ ತಲೆನೋವು. ಕೆಲವು ಚೀಲಗಳ ತೂಕ ಬರುತ್ತಿತ್ತು, ಕೆಲವು ಬರುತ್ತಿರಲಿಲ್ಲ. ಸ್ಕೇಲಿನ ಡಿಸ್‌ಪ್ಲೇಯಲ್ಲಿ ಮಾತ್ರ ಯಾವಾಗಲೂ ಸರಿಯಾದ ಅಂಕಿ. ಸಾಫ್ಟ್‌ವೇರ್ ಮುಚ್ಚಿ ತೆರೆದರೂ ಉಪಯೋಗ ಇಲ್ಲ. ಕೇಬಲ್ ಕಿತ್ತು ಚುಚ್ಚಿದರೆ, ಅಥವಾ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಸರಿ.

ಇಲ್ಲಿ ಚಿಪ್ ಯಾವುದು, ಮಾರಿದವರು ಯಾರು ಅನ್ನುವುದು ಮುಖ್ಯವಲ್ಲ. ಸಾಧನದ ಜೊತೆ ಮಾತಾಡುವ ಪ್ರೋಗ್ರಾಂ, ಅಂದರೆ ಡ್ರೈವರ್, ಲಿನಕ್ಸಿನ ತಿರುಳಾದ ಕರ್ನಲ್ ಜೊತೆ ಬಂದದ್ದಲ್ಲ, ಸ್ಕೇಲ್ ಜೊತೆ ಸೋರ್ಸ್ ಸಮೇತ ಕೊಟ್ಟದ್ದು. ಇಂಥ ಡ್ರೈವರ್‌ಗಳಲ್ಲಿ ಈ ದೋಷ ಸಾಮಾನ್ಯ. ನಿಮ್ಮದು ಬಾರ್‌ಕೋಡ್ ರೀಡರೋ, ತೇವಾಂಶ ಅಳೆಯುವ ಮೀಟರೋ ಇರಬಹುದು. ಹುಡುಕುವ ದಾರಿ ಹೆಚ್ಚುಕಡಿಮೆ ಇದೇ.

ರೈಟರ್ ಹೇಳಿದ ಮಾತು

ಇಂಥ ಕಡೆ ಮೊದಲು ಲಾಗ್ ತೆರೆಯುವ ಅಭ್ಯಾಸ ನಮಗೆಲ್ಲ ಇದೆ. ಅದಕ್ಕೂ ಮುಂಚೆ ಆ ಯಂತ್ರದ ಮುಂದೆ ದಿನವಿಡೀ ಕೂರುವವರನ್ನು ಕೇಳುವುದು ಒಳ್ಳೆಯದು. ತೂಕ ಬರೆಯುವ ಹಿರಿಯ ರೈಟರ್ ಹೇಳಿದ್ದು ಇಷ್ಟು: "ಐವತ್ತರ ಮೇಲೆ ಬಂದ್ರೆ ಕೆಲವು ಸಲ ತಗೊಳ್ತದೆ ಮಾರಾಯ್ರೆ. ನಲವತ್ತೊಂಬತ್ತು ಬಂತೋ, ಒಂದೂ ತಗೊಳಲ್ಲ."

ಪಕ್ಕದಲ್ಲಿದ್ದವರು ನಕ್ಕರು. ಕಂಪ್ಯೂಟರಿಗೆ 49ರ ಮೇಲೆ ಯಾಕೆ ಸಿಟ್ಟು, ಅಲ್ವಾ? ಆದರೆ ಇಡೀ ಪ್ರಕರಣದ ಬೀಗದ ಕೈ ಇದೇ ಮಾತು. ಕರೆಂಟಿನ ಗದ್ದಲದಿಂದ ಡೇಟಾ ಕೆಡುತ್ತಿದ್ದರೆ ಅದು ಅಂಕಿ ನೋಡಿ ಕೆಡುವುದಿಲ್ಲ. ಯಾವ ಅಂಕಿ ಬಂದರೆ ಕೆಡುತ್ತದೆ ಅಂತ ಹೇಳಲು ಆಗುತ್ತಿದೆ ಅಂದರೆ ತಪ್ಪಿಗೆ ಒಂದು ನಿಯಮ ಇದೆ. ನಿಯಮ ಇರುವ ತಪ್ಪು ಸಾಮಾನ್ಯವಾಗಿ ಸೆಟ್ಟಿಂಗಿನ ತಪ್ಪು.

ಸ್ಕೇಲಿನಿಂದ ಬರುವ ಸಾಲು ಹೀಗಿರುತ್ತದೆ: ಒಂದು ಪ್ಲಸ್ ಚಿಹ್ನೆ, ಮೂರು ಅಂಕಿ, ಚುಕ್ಕಿ, ಎರಡು ಅಂಕಿ, ಕೊನೆಗೆ ಲೈನ್‌ಫೀಡ್. 49.80 ಕಿಲೋ ಆದರೆ +049.80. ವೇಗ 9600 ಬಾಡ್ (ಸೆಕೆಂಡಿಗೆ 9600 ಬಿಟ್), 7 ಡೇಟಾ ಬಿಟ್, ಈವನ್ ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಒಂದು ಹೆಚ್ಚುವರಿ ಬಿಟ್), 1 ಸ್ಟಾಪ್ ಬಿಟ್. ಆದರೆ ಸ್ಕೇಲಿನೊಳಗಿನ ಯುಎಸ್‌ಬಿ ಚಿಪ್‌ಗೆ ಯಾರೂ ಏನೂ ಹೇಳದಿದ್ದರೆ ಅದು 9600, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ ಅಂತ ಎದ್ದು ಕೂರುತ್ತದೆ. ವೇಗ ಎರಡರಲ್ಲೂ ಒಂದೇ. ಒಂದು ಅಕ್ಷರಕ್ಕೆ ಹಿಡಿಯುವ ಒಟ್ಟು ಬಿಟ್‌ಗಳೂ ಒಂದೇ, ಯಾಕಂದರೆ ಏಳು ಮತ್ತು ಒಂದು ಸೇರಿ ಎಂಟು. ಹಾಗಾಗಿ ಚಿಪ್‌ಗೆ ಯಾವ ದೋಷವೂ ಕಾಣುವುದಿಲ್ಲ. ಅದು ಪ್ಯಾರಿಟಿ ಬಿಟ್ಟನ್ನೇ ಎಂಟನೆಯ ಡೇಟಾ ಬಿಟ್ ಅಂತ ಓದಿಕೊಂಡು ಮುಂದೆ ಕಳಿಸುತ್ತದೆ.

ಈಗ ಅಂಕಿಗಳನ್ನು ಒಂದೊಂದಾಗಿ ನೋಡಿ. ಈವನ್ ಪ್ಯಾರಿಟಿ ಅಂದರೆ ಒಟ್ಟು ಒಂದುಗಳ ಸಂಖ್ಯೆ ಸಮ ಇರಬೇಕು. ಅಕ್ಷರಗಳಿಗೆ ನಂಬರ್ ಕೊಡುವ ಆಸ್ಕಿ ಪಟ್ಟಿಯಲ್ಲಿ ಸೊನ್ನೆ ಅನ್ನುವ ಅಕ್ಷರ ಹೆಕ್ಸ್ (ಹದಿನಾರರ ಲೆಕ್ಕದಲ್ಲಿ) 30, ಬಿಟ್‌ಗಳಲ್ಲಿ 0110000. ಅದರಲ್ಲಿ ಎರಡು ಒಂದುಗಳಿವೆ, ಸಮ. ಪ್ಯಾರಿಟಿ ಬಿಟ್ 0, ಅಕ್ಷರ ಕೆಡುವುದಿಲ್ಲ. 3, 5, 6, 9 ಇವುಗಳಲ್ಲಿ ತಲಾ ನಾಲ್ಕು ಒಂದುಗಳು, ಇವೂ ಕೆಡುವುದಿಲ್ಲ. 1, 2, 4, 8ರಲ್ಲಿ ಮೂರು, 7ರಲ್ಲಿ ಐದು. ಇವು ಬೆಸ. ಇವುಗಳಿಗೆ ಪ್ಯಾರಿಟಿ ಬಿಟ್ 1 ಆಗಿ ಸೇರುತ್ತದೆ. ಹೆಕ್ಸ್ 34 ಆಗಿದ್ದ ನಾಲ್ಕು ಹೆಕ್ಸ್ ಬಿ4 ಆಗಿ ಬರುತ್ತದೆ. ಅದು ಅಂಕಿಯೇ ಅಲ್ಲ. ಪ್ಲಸ್, ಚುಕ್ಕಿ, ಲೈನ್‌ಫೀಡ್ ಮೂರರಲ್ಲೂ ಒಂದುಗಳು ಸಮ ಸಂಖ್ಯೆಯಲ್ಲಿರುವುದರಿಂದ ಸಾಲಿನ ಆಕಾರ ಚೆನ್ನಾಗಿಯೇ ಕಾಣುತ್ತದೆ.

ಅಂದರೆ 0, 3, 5, 6, 9 ಮಾತ್ರ ಇರುವ ತೂಕ ಸರಿಯಾಗಿ ಬರುತ್ತದೆ. 50.30 ಬರುತ್ತದೆ. 50.65 ಬರುತ್ತದೆ. 50.20 ಬರುವುದಿಲ್ಲ. 49 ಇರುವ ಯಾವುದೂ ಬರುವುದಿಲ್ಲ, ನಾಲ್ಕು ಇದೆಯಲ್ಲ! ರೈಟರ್ ಹೇಳಿದ್ದು ಅಕ್ಷರಶಃ ನಿಜ.

ಇದರಿಂದ ಒಂದು ಎಚ್ಚರಿಕೆಯೂ ಸಿಗುತ್ತದೆ. ಖಾಲಿ ಸ್ಕೇಲ್ +000.00 ಕಳಿಸುತ್ತದೆ, ಸರಿಯಾಗಿ ಬರುತ್ತದೆ. 5 ಕಿಲೋ ಕಲ್ಲು ಇಟ್ಟರೂ ಸರಿ, 50 ಕಿಲೋ ಇಟ್ಟರೂ ಸರಿ. ರಿಪೇರಿಗೆ ಬಂದವರು ಇವನ್ನೇ ಇಟ್ಟು ನೋಡಿ "ಎಲ್ಲ ಸರಿ ಇದೆ" ಅಂತ ಹೋಗಬಹುದು. 10 ಅಥವಾ 20 ಕಿಲೋ ಕಲ್ಲು ಇಟ್ಟರೆ ಕೂಡಲೇ ಸಿಕ್ಕಿಬೀಳುತ್ತದೆ. ನಿಮ್ಮಲ್ಲೂ ಇಂಥ ಅನುಮಾನ ಬಂದರೆ 20 ಕಿಲೋದಿಂದ ಶುರು ಮಾಡಿ.

ಬಿಲ್ಲಿನ ಸಾಫ್ಟ್‌ವೇರ್ ಕೆಟ್ಟ ಅಕ್ಷರ ಕಂಡ ಕೂಡಲೇ ಇಡೀ ಸಾಲನ್ನು ಬಿಸಾಡುತ್ತಿತ್ತು. ಪುಣ್ಯ. ಅಂಕಿಯಲ್ಲದ್ದನ್ನು ಸುಮ್ನೆ ತೆಗೆದುಹಾಕಿ ಉಳಿದದ್ದನ್ನು ಓದುವ ಪ್ರೋಗ್ರಾಂಗಳೂ ಇವೆ. ಹಾಗೆ ಮಾಡಿದರೆ +049.80ರಲ್ಲಿ ನಾಲ್ಕು ಮತ್ತು ಎಂಟು ಹೋಗಿ 9.0 ಕಿಲೋ ಉಳಿಯುತ್ತದೆ. ನಿಮ್ಮ ಹಳೆಯ ಲೆಕ್ಕದಲ್ಲಿ ಅರ್ಥವಾಗದ ಹಗುರ ಚೀಲಗಳಿದ್ದರೆ ಒಮ್ಮೆ ಈ ಕಣ್ಣಿನಿಂದ ನೋಡಿ.

ಸೆಟ್ಟಿಂಗ್ ಕಳೆದುಹೋದದ್ದು ಯಾವಾಗ

ಚಿಪ್ ತನ್ನ ಡೀಫಾಲ್ಟಿಗೆ ಹೋಗಿದೆ ಅನ್ನುವುದು ಖಾತ್ರಿಯಾಯಿತು. ಇನ್ನು ಯಾವಾಗ, ಯಾರಿಂದ ಅನ್ನುವುದು. ಇದಕ್ಕೆ ಕರ್ನಲ್ಲಿನ ಲಾಗ್ ತೋರಿಸುವ ಡಿಮೆಸೇಜ್ ಸಾಕು. ಹಿಂಬಾಲಿಸುವ ಆಯ್ಕೆ ಹಾಕಿ ಒಂದು ಕಿಟಕಿಯಲ್ಲಿ ಬಿಟ್ಟು, ಹಲ್ಲರ್ ಶುರು ಮಾಡಿಸಬೇಕು.

ಇಲ್ಲಿ ಎರಡು ಬಗೆಯ ಸಾಲುಗಳನ್ನು ಬೇರೆ ಮಾಡಿ ಓದಬೇಕು. "ಯುಎಸ್‌ಬಿ ಡಿಸ್‌ಕನೆಕ್ಟ್" ಅಂತ ಬಂದು, ಆಮೇಲೆ "ನ್ಯೂ ಫುಲ್-ಸ್ಪೀಡ್ ಯುಎಸ್‌ಬಿ ಡಿವೈಸ್" ಅಂತ ಹೊಸ ನಂಬರಿನೊಂದಿಗೆ ಬಂದರೆ ಸಾಧನ ನಿಜವಾಗಿ ಹೋಗಿ ಬಂದಿದೆ. ಆಗ ಡ್ರೈವರಿನ ಪ್ರೋಬ್ (ಸಾಧನ ಸೇರಿದಾಗ ಅದನ್ನು ಸಜ್ಜು ಮಾಡುವ ಫಂಕ್ಷನ್) ಮತ್ತೆ ಓಡುತ್ತದೆ, ಎಲ್ಲ ಹೊಸದಾಗಿ ಶುರು. "ರಿಸೆಟ್ ಫುಲ್-ಸ್ಪೀಡ್ ಯುಎಸ್‌ಬಿ ಡಿವೈಸ್ ನಂಬರ್ 6" ಅಂತ ಮಾತ್ರ ಬಂದು, ನಂಬರ್ ಮೊದಲಿದ್ದದ್ದೇ ಆಗಿದ್ದರೆ ಅದು ರಿಸೆಟ್. ಸಾಧನ ಎಲ್ಲೂ ಹೋಗಿಲ್ಲ. ಪ್ರೋಬ್ ಓಡಿಲ್ಲ. ಬಳಕೆದಾರರ ಪ್ರೋಗ್ರಾಂ ತೆರೆದಿಟ್ಟ ಫೈಲ್ ಹಾಗೇ ತೆರೆದಿದೆ. ನಮ್ಮಲ್ಲಿ ಬಂದದ್ದು ಈ ಎರಡನೆಯದು. ಅದಕ್ಕೂ ಮುಂಚೆ ಡ್ರೈವರ್ ಬರೆದ −71 ದೋಷದ ಸಾಲುಗಳ ಒಂದು ಗೊಂಚಲು.

"ಡಿಸೇಬಲ್ಡ್ ಬೈ ಹಬ್" ಅಂತ, ಜೊತೆಗೆ ಇಎಂಐ (ಕರೆಂಟಿನ ಗದ್ದಲ) ಇರಬಹುದೇ ಅನ್ನುವ ಪ್ರಶ್ನೆಚಿಹ್ನೆಯೊಂದಿಗೆ ಕರ್ನಲ್ಲೇ ಬರೆಯುವ ಇನ್ನೊಂದು ಸಾಲು ಇದೆ. ಅದೂ ಮೋಟರ್ ಪಕ್ಕದ ಕೇಬಲ್‌ಗಳಲ್ಲಿ ಕಾಣಸಿಗುತ್ತದೆ. ಆದರೆ ಅದು ಮೊದಲನೆಯ ಬಗೆಗೆ ಸೇರಿದ್ದು, ಸಾಧನ ಹೊಸದಾಗಿ ಎಣಿಕೆಯಾಗುತ್ತದೆ.

−71 ಅಂದರೆ ಪ್ರೋಟೋಕಾಲ್ ದೋಷ. ಕಳಿಸಿದ ಪ್ಯಾಕೆಟ್ಟಿಗೆ ಸಮಯಕ್ಕೆ ಉತ್ತರ ಬಂದಿಲ್ಲ, ಅಥವಾ ಬಂದದ್ದು ತಂತಿಯಲ್ಲೇ ಕೆಟ್ಟಿದೆ. ದೊಡ್ಡ ಮೋಟರಿನ ಕಾಂಟ್ಯಾಕ್ಟರ್ ಬೀಳುವಾಗ ಇದು ಸಹಜ. ಸೋರ್ಸ್ ತೆರೆದು ನೋಡಿದರೆ, ಇಂಥ ದೋಷ ಸಾಲಾಗಿ ಹತ್ತು ಬಂದರೆ ಡ್ರೈವರ್ ತಾನೇ ರಿಸೆಟ್ ಕೇಳುತ್ತಿತ್ತು. ಯುಆರ್‌ಬಿ (ಯುಎಸ್‌ಬಿ ಮೂಲಕ ಡೇಟಾ ಕಳಿಸುವ ಅಥವಾ ಪಡೆಯುವ ಒಂದು ಕೋರಿಕೆ) ಮುಗಿದಾಗ ಓಡುವ ಫಂಕ್ಷನ್ನಿನಲ್ಲಿ ನಿದ್ದೆ ಹೋಗುವ, ಅಂದರೆ ಕಾಯುತ್ತ ನಿಲ್ಲುವ ಹಾಗಿಲ್ಲ. ಅದಕ್ಕೇ ರಿಸೆಟ್ಟನ್ನು ನೇರವಾಗಿ ಕರೆಯದೆ ಸರತಿಗೆ ಹಾಕುವ ಕರ್ನಲ್ ಫಂಕ್ಷನ್ ಬಳಸಿದ್ದರು. ಅಷ್ಟರ ಮಟ್ಟಿಗೆ ಬರೆದವರಿಗೆ ವಿಷಯ ಗೊತ್ತಿತ್ತು.

ರಿಸೆಟ್‌ನಲ್ಲಿ ಏನೇನು ಹೋಗುತ್ತದೆ

2000ನೇ ಇಸವಿಯಲ್ಲಿ ಬಂದ ಯುಎಸ್‌ಬಿ 2.0 ಸ್ಪೆಸಿಫಿಕೇಶನ್ನಿನ 9ನೇ ಅಧ್ಯಾಯದಲ್ಲಿ ಸಾಧನದ ಸ್ಥಿತಿಗಳ ಚಿತ್ರ ಇದೆ. ರಿಸೆಟ್ ಅಂದರೆ ಪೋರ್ಟ್ ಎರಡೂ ಡೇಟಾ ತಂತಿಗಳನ್ನು ಕನಿಷ್ಠ 10 ಮಿಲಿಸೆಕೆಂಡ್ ಕೆಳಗೆ ಎಳೆದು ಹಿಡಿಯುವುದು. ಸಾಧನ ಡೀಫಾಲ್ಟ್ ಸ್ಥಿತಿಗೆ ಬರುತ್ತದೆ. ಅಡ್ರೆಸ್ ಸೊನ್ನೆ. ಕಾನ್ಫಿಗರೇಶನ್ ಇಲ್ಲ. ಮೊದಲ ದಿನ ತೋಟಕ್ಕೆ ಕೆಲಸಕ್ಕೆ ಬಂದವನ ಹಾಗೆ, ಎಲ್ಲ ಹೇಳಿಕೊಡಬೇಕು.

ಅದರಲ್ಲಿ ಒಂದಷ್ಟನ್ನು ಲಿನಕ್ಸಿನ ಯುಎಸ್‌ಬಿ ಕೋರ್ (ಎಲ್ಲ ಯುಎಸ್‌ಬಿ ಡ್ರೈವರ್‌ಗಳಿಗೂ ಸಾಮಾನ್ಯವಾದ ಕರ್ನಲ್ ಭಾಗ) ತಾನೇ ಹೇಳಿಕೊಡುತ್ತದೆ. ಅಡ್ರೆಸ್ ಮತ್ತೆ ಕೊಡುತ್ತದೆ. ಸಾಧನ ತನ್ನ ಪರಿಚಯ ಹೇಳುವ ಡಿಸ್ಕ್ರಿಪ್ಟರ್ ಓದಿ ಮೊದಲಿನ ಹಾಗೇ ಇದೆಯೇ ಅಂತ ಹೋಲಿಸುತ್ತದೆ. ಬೇರೆ ಆಗಿದ್ದರೆ ಇದು ಹೊಸ ಸಾಧನ ಅಂತ ತೀರ್ಮಾನಿಸಿ ಹಳೆಯದನ್ನು ಬಿಡುತ್ತದೆ. ಒಂದೇ ಆಗಿದ್ದರೆ ಕಾನ್ಫಿಗರೇಶನ್ ಮತ್ತು ಆಲ್ಟರ್ನೇಟ್ ಸೆಟ್ಟಿಂಗ್‌ಗಳನ್ನು ಮೊದಲಿದ್ದಲ್ಲಿಗೆ ತರುತ್ತದೆ. ಪ್ಯಾಕೆಟ್ಟಿನ ಸರದಿ ಗುರುತಾದ ಡೇಟಾ ಟಾಗಲ್ ಎರಡೂ ಕಡೆ ಮೊದಲಿನಿಂದ ಶುರುವಾಗುತ್ತದೆ.

ಅಲ್ಲಿಗೆ ಕೋರ್ ಕೆಲಸ ಮುಗಿಯಿತು. ಪ್ಯಾರಿಟಿ, ಡೇಟಾ ಬಿಟ್, ವೇಗ, ಇವೆಲ್ಲ ಆ ಚಿಪ್ ತಯಾರಕರ ಖಾಸಗಿ ಕಂಟ್ರೋಲ್ ರಿಕ್ವೆಸ್ಟ್‌ಗಳಲ್ಲಿ ಹೋಗುವಂಥವು. ಕೋರ್‌ಗೆ ಅವುಗಳ ಗಂಧಗಾಳಿ ಇಲ್ಲ. ಅವನ್ನು ಮತ್ತೆ ಕಳಿಸುವುದು ಡ್ರೈವರಿನ ಹೊಣೆ.

ಅದಕ್ಕಾಗಿಯೇ ಡ್ರೈವರಿಗೆ ಮೂರು ಬಾಗಿಲುಗಳಿವೆ. ರಿಸೆಟ್‌ಗೆ ಮುಂಚೆ ಪ್ರೀ-ರಿಸೆಟ್, ಆದ ಮೇಲೆ ಪೋಸ್ಟ್-ರಿಸೆಟ್. ಕಂಪ್ಯೂಟರ್ ಮಲಗಿ ಎದ್ದಾಗ ಪೋರ್ಟಿನ ಪವರ್ ಹೋಗಿದ್ದರೆ ಮಾಮೂಲಿ ರೆಸ್ಯೂಮ್ ಬದಲು ರಿಸೆಟ್-ರೆಸ್ಯೂಮ್. ನಮ್ಮ ಡ್ರೈವರಿನ ಪೋಸ್ಟ್-ರಿಸೆಟ್ ಮಾಡುತ್ತಿದ್ದುದು ಇಷ್ಟೇ: ಓದುವ ಯುಆರ್‌ಬಿಗಳನ್ನು ಮತ್ತೆ ಹಾಕಿ ಸೊನ್ನೆ ವಾಪಸ್ ಕೊಡುವುದು.

ನನ್ನ ತಕರಾರು ಇರುವುದು ಈ ಸೊನ್ನೆಯ ಮೇಲೆ. ಸೊನ್ನೆ ಅಂದರೆ ಕೋರ್‌ಗೆ ಡ್ರೈವರ್ ಕೊಡುವ ಮಾತು: ಸಾಧನ ಮೊದಲಿನ ಸ್ಥಿತಿಗೆ ಬಂದಿದೆ, ನೀನು ಏನೂ ಮಾಡಬೇಡ. ಪ್ರೀ-ರಿಸೆಟ್, ಪೋಸ್ಟ್-ರಿಸೆಟ್ ಎರಡನ್ನೂ ಬರೆಯದೇ ಬಿಟ್ಟಿದ್ದರೆ ಕೋರ್ ತಾನೇ ಡ್ರೈವರನ್ನು ಬಿಡಿಸಿ ಮತ್ತೆ ಜೋಡಿಸುತ್ತಿತ್ತು. ಪ್ರೋಬ್ ಓಡುತ್ತಿತ್ತು, ಸೆಟ್ಟಿಂಗ್ ಚಿಪ್ಪಿಗೆ ಮತ್ತೆ ಹೋಗುತ್ತಿತ್ತು. ಅರ್ಧ ಬರೆದ ಪೋಸ್ಟ್-ರಿಸೆಟ್ ಬರೆಯದೇ ಇದ್ದುದಕ್ಕಿಂತ ಕೆಟ್ಟದ್ದು.

ಮುಚ್ಚಿ ತೆರೆದರೂ ಯಾಕೆ ಸರಿಹೋಗಲಿಲ್ಲ

ಬಿಲ್ಲಿನ ಪ್ರೋಗ್ರಾಂ ಪ್ರತಿ ಸಲ ತೆರೆದಾಗಲೂ 7 ಬಿಟ್, ಈವನ್ ಪ್ಯಾರಿಟಿ ಅಂತ ಹೇಳುತ್ತದೆ. ಹಾಗಿದ್ದ ಮೇಲೆ ಮುಚ್ಚಿ ತೆರೆದಾಗ ಸರಿಹೋಗಬೇಕಿತ್ತಲ್ಲ?

ಡ್ರೈವರ್ ಇಲ್ಲಿ ಜಾಣತನ ತೋರಿಸಿತ್ತು. ಹಿಂದೆ ಕಳಿಸಿದ ಸೆಟ್ಟಿಂಗಿನ ನಕಲು ಇಟ್ಟುಕೊಂಡು, ಹೊಸದಾಗಿ ಕೇಳಿದ್ದು ಅದೇ ಆಗಿದ್ದರೆ ಚಿಪ್‌ಗೆ ಏನನ್ನೂ ಕಳಿಸದೆ "ಆಯಿತು" ಅನ್ನುತ್ತಿತ್ತು. ರಿಸೆಟ್ ಆದಾಗ ಚಿಪ್ ಮರೆಯಿತು, ಡ್ರೈವರ್ ಮರೆಯಲಿಲ್ಲ. ಡ್ರೈವರಿನ ಪುಸ್ತಕದಲ್ಲಿ 7 ಬಿಟ್, ಚಿಪ್‌ನಲ್ಲಿ 8 ಬಿಟ್. ಪುಸ್ತಕ ಸರಿ ಇದೆ ಅಂತ ಡ್ರೈವರ್ ನಂಬಿದ್ದಷ್ಟು ಹೊತ್ತು ಯಾರು ಎಷ್ಟು ಕೇಳಿದರೂ ಅಷ್ಟೇ.

ಇದನ್ನು ಕಣ್ಣಾರೆ ನೋಡಲು ಕರ್ನಲ್ಲಿನ ಸಂಚಾರ ದಾಖಲಿಸುವ ಸೌಲಭ್ಯವಾದ ಯುಎಸ್‌ಬಿಮಾನ್ ಬಳಸಬೇಕು. ವೈರ್‌ಶಾರ್ಕ್ ಅದರ ಮೂಲಕವೇ ಯುಎಸ್‌ಬಿ ಸಂಚಾರ ಹಿಡಿಯುತ್ತದೆ. ಕೇಬಲ್ ಚುಚ್ಚಿದಾಗಿನ ದಾಖಲೆ ಒಂದು, ರಿಸೆಟ್ ಆದಾಗಿನದು ಒಂದು, ಎರಡನ್ನೂ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ಕಾನ್ಫಿಗರೇಶನ್ ಆದ ಮೇಲೆ ಹೆಕ್ಸ್ 40 ಅಂತ ಶುರುವಾಗುವ ವೆಂಡರ್ ರಿಕ್ವೆಸ್ಟ್‌ಗಳು ಕಾಣುತ್ತವೆ. ಎರಡನೆಯದರಲ್ಲಿ ಕಾನ್ಫಿಗರೇಶನ್ ಆದ ಕೂಡಲೇ ನೇರವಾಗಿ ಬಲ್ಕ್ ಓದು. ನಡುವೆ ಇರಬೇಕಾದದ್ದು ಇಲ್ಲ. ಅಂದ ಹಾಗೆ, ಎಕ್ಸ್‌ಎಚ್‌ಸಿಐ (ಯುಎಸ್‌ಬಿ 3 ಕಾಲದ) ಕಂಟ್ರೋಲರ್ ಇದ್ದರೆ ಅಡ್ರೆಸ್ ಕೊಡುವ ಹೆಜ್ಜೆ ಈ ದಾಖಲೆಯಲ್ಲಿ ಬರುವುದಿಲ್ಲ. ಅದನ್ನು ಹಾರ್ಡ್‌ವೇರ್ ತಾನೇ ಮಾಡುತ್ತದೆ. ಅದು ಕಾಣಲಿಲ್ಲ ಅಂತ ಗಾಬರಿ ಬೇಡ.

ಮೇಜಿನ ಮೇಲೆ ಮತ್ತೆ ಹುಟ್ಟಿಸುವುದು

ಹಲ್ಲರ್ ಶುರು ಮಾಡಿಸಿ ಕಾಯುವುದು ಎಷ್ಟು ಹೊತ್ತು? ಕೊಯ್ಲಿನ ಸಮಯದಲ್ಲಿ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಯುಎಸ್‌ಬಿ-ಯುಟಿಲ್ಸ್ ಪ್ಯಾಕೇಜಿನ ಜೊತೆ ಬರುವ ಯುಎಸ್‌ಬಿರಿಸೆಟ್ ಅನ್ನುವ ಚಿಕ್ಕ ಉಪಕರಣ ಸಾಕು. ಅದು ಯಾವ ಮೋಟರೂ ಇಲ್ಲದೆ ಅದೇ ರಿಸೆಟ್ಟನ್ನು ಅದೇ ದಾರಿಯಲ್ಲಿ ತರುತ್ತದೆ. 20 ಕಿಲೋ ಕಲ್ಲು ಇಟ್ಟು, ಡೇಟಾ ಹರಿಯುತ್ತಿರುವಾಗ ರಿಸೆಟ್ ಕೊಟ್ಟೆವು. ಕೂಡಲೇ ಎರಡರ ಜಾಗದಲ್ಲಿ ಹೆಕ್ಸ್ ಬಿ2. ದೋಷ ಕೈಗೆ ಸಿಕ್ಕಿತು.

ಕೇಬಲ್ ಕಿತ್ತು ಚುಚ್ಚುವುದನ್ನು ಪರೀಕ್ಷೆ ಅಂದುಕೊಳ್ಳಬೇಡಿ. ಸಿಸ್‌ಎಫ್‌ಎಸ್‌ನ (ಕರ್ನಲ್ಲಿನ ಸೆಟ್ಟಿಂಗ್‌ಗಳು ಫೈಲುಗಳಾಗಿ ಕಾಣುವ ಜಾಗ) ಆಥರೈಸ್ಡ್ ಫೈಲಿಗೆ 0, ಆಮೇಲೆ 1 ಬರೆಯುವುದೂ ಪರೀಕ್ಷೆಯಲ್ಲ. ಎರಡರಲ್ಲೂ ಪ್ರೋಬ್ ಓಡುತ್ತದೆ, ದೋಷ ಅಡಗುತ್ತದೆ. ಆದರೆ ಆ ಎರಡನೆಯದು ತಾತ್ಕಾಲಿಕ ಚಿಕಿತ್ಸೆಯಾಗಿ ಒಳ್ಳೆಯದು. ಡ್ರೈವರ್ ಸರಿಯಾಗುವ ತನಕ ರೈಟರ್ ಮೇಜಿನ ಮೇಲೆ ಒಂದು ಐಕಾನ್ ಮಾಡಿ ಕೊಡಬಹುದು. ಸಾಧನ ಬಂದಾಗ, ಹೋದಾಗ ಕೆಲಸ ಮಾಡಿಸುವ ಯುಡೆವ್ ನಿಯಮ ಬರೆದು ಇದನ್ನು ತಾನಾಗಿ ಓಡಿಸೋಣ ಅಂತ ಹೊರಟರೆ ಆಗುವುದಿಲ್ಲ. ಇಂಥ ರಿಸೆಟ್‌ನಲ್ಲಿ ಸಾಧನ ಸೇರಿದ, ಹೋದ ಸುದ್ದಿಯೇ ಯುಡೆವ್‌ಗೆ ಬರುವುದಿಲ್ಲ.

ಸರಿಪಡಿಸಿದ ಬಗೆ

ಪ್ಯಾಚ್ ದೊಡ್ಡದೇನಲ್ಲ. ಮೊದಲು ಪ್ರೋಬ್ ಒಳಗೆ ಚದುರಿದ್ದ ವೆಂಡರ್ ರಿಕ್ವೆಸ್ಟ್‌ಗಳನ್ನೆಲ್ಲ ಒಂದು ಫಂಕ್ಷನ್ನಿಗೆ ತಂದೆವು. ಅದು ನೆನಪಿನಲ್ಲಿರುವ ಸೆಟ್ಟಿಂಗನ್ನು ಚಿಪ್‌ಗೆ ಕಳಿಸುತ್ತದೆ. ಹೋಲಿಕೆ ಇಲ್ಲ, ಜಾಣತನ ಇಲ್ಲ, ಕರೆದಾಗಲೆಲ್ಲ ಕಳಿಸುತ್ತದೆ. ಪ್ರೋಬ್, ಪೋಸ್ಟ್-ರಿಸೆಟ್, ರಿಸೆಟ್-ರೆಸ್ಯೂಮ್ ಮೂರೂ ಅದನ್ನೇ ಕರೆಯುತ್ತವೆ. ಸೆಟ್ಟಿಂಗ್ ಬದಲಿಸುವ ದಾರಿಯಲ್ಲಿದ್ದ "ಅದೇ ಆಗಿದ್ದರೆ ಬಿಡು" ಅನ್ನುವ ಪರೀಕ್ಷೆಯನ್ನೂ ಕಿತ್ತುಹಾಕಿದೆವು. ದಿನಕ್ಕೆ ಕೆಲವು ಸಲ ತೆರೆಯುವ ಪೋರ್ಟಿನಲ್ಲಿ ಒಂದು ಕಂಟ್ರೋಲ್ ರಿಕ್ವೆಸ್ಟ್ ಉಳಿಸಿ ಯಾರಿಗೇನು ಲಾಭ? ಕರ್ನಲ್ ಜೊತೆ ಬರುವ ಸಿಎಚ್341 ಡ್ರೈವರಿನ ರಿಸೆಟ್-ರೆಸ್ಯೂಮ್ ಓದಿ ನೋಡಿ, ಅಲ್ಲೂ ಇದೇ ಕ್ರಮ: ಮೊದಲು ಚಿಪ್ ಮತ್ತೆ ಕಾನ್ಫಿಗರ್, ಆಮೇಲೆ ಓದು.

ಇಷ್ಟು ಮಾಡಿದರೆ ಪ್ಯಾರಿಟಿ ಸಮಸ್ಯೆ ಹೋಗುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಅದಕ್ಕಿಂತ ಅಪಾಯದ ಇನ್ನೊಂದು ಎದ್ದು ಬರುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಈ ಡ್ರೈವರ್ ಬೈಟುಗಳನ್ನು ಕೂಡಿಸಿ ಪೂರ್ತಿ ಸಾಲು ಆದ ಮೇಲೆ ಮಾತ್ರ ಪ್ರೋಗ್ರಾಂಗೆ ಕೊಡುತ್ತದೆ. ಚೀಲ ಇನ್ನೂ ಅಲುಗಾಡುತ್ತಿದೆ, ಸ್ಕೇಲ್ +050.20 ಕಳಿಸುತ್ತಿದೆ ಅಂದುಕೊಳ್ಳಿ. +05 ಬಂದಿದೆ, ಅಷ್ಟರಲ್ಲಿ ರಿಸೆಟ್. ಡ್ರೈವರಿನ ಬಫರಿನಲ್ಲಿ +05 ಉಳಿಯಿತು. ಸ್ಕೇಲಿಗೆ ತನ್ನದೇ ಬ್ಯಾಟರಿ ಇದೆ, ಅದು ನಿಲ್ಲದೆ ಕಳಿಸುತ್ತಲೇ ಇರುತ್ತದೆ. ಚಿಪ್ ಎದ್ದು ಸೆಟ್ಟಿಂಗ್ ಪಡೆಯುವ ಹೊತ್ತಿಗೆ ಚೀಲ ನಿಂತು +049.80 ಹೋಗುತ್ತಿದೆ. ಅದರ ಮೊದಲ ಮೂರು ಅಕ್ಷರ ತಪ್ಪಿಹೋಗಿ 9.80 ಮತ್ತು ಲೈನ್‌ಫೀಡ್ ಸಿಕ್ಕಿತು. ಬಫರಿನಲ್ಲಿದ್ದ +05ರ ಹಿಂದೆ ಇದು ಅಂಟಿತು. ಪ್ರೋಗ್ರಾಂಗೆ ಹೋದದ್ದು +059.80.

ಉದ್ದ ಸರಿ. ಪ್ಲಸ್ ಇದೆ, ಲೈನ್‌ಫೀಡ್ ಇದೆ, ಚುಕ್ಕಿ ತನ್ನ ಜಾಗದಲ್ಲೇ ಇದೆ. ಒಂದು ಚೀಲದ ಮೇಲೆ 10 ಕಿಲೋ ಕಾಫಿ ಗಾಳಿಯಲ್ಲಿ ಹುಟ್ಟಿತು. ಮೊದಲಿನ ದೋಷದಲ್ಲಿ ತೂಕ ಬರುತ್ತಿರಲಿಲ್ಲ, ಎಲ್ಲರಿಗೂ ಗೊತ್ತಾಗುತ್ತಿತ್ತು. ಇದರಲ್ಲಿ ಬರುತ್ತದೆ, ತಪ್ಪಾಗಿ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಡ್ರೈವರ್ ಇಟ್ಟುಕೊಂಡಿರುವ ಪ್ರತಿಯೊಂದು ವೇರಿಯಬಲನ್ನೂ ಹಿಡಿದು ಒಂದು ಪ್ರಶ್ನೆ ಕೇಳಬೇಕು: ಇದು ಬಳಕೆದಾರರು ಬಯಸಿದ್ದೋ, ಅಥವಾ ತಂತಿಯಲ್ಲಿ ಆಗ ನಡೆಯುತ್ತಿದ್ದುದರ ಗುರುತೋ? ಬಯಸಿದ್ದು ಉಳಿಯಬೇಕು ಮತ್ತು ಚಿಪ್‌ಗೆ ಮತ್ತೆ ಹೋಗಬೇಕು. ನಡೆಯುತ್ತಿದ್ದುದರ ಗುರುತು ಅಳಿಯಬೇಕು. ಪ್ಯಾರಿಟಿ, ವೇಗ ಮೊದಲನೆಯ ಗುಂಪು. ಅರ್ಧ ಬಂದ ಸಾಲು, "ಈಗ ಕಳಿಸುತ್ತಿದ್ದೇನೆ" ಅನ್ನುವ ಗುರುತು, ದೋಷದ ಎಣಿಕೆ ಎರಡನೆಯ ಗುಂಪು.

ದೋಷದ ಎಣಿಕೆಯನ್ನು ಮರೆತರೆ ಇನ್ನೊಂದು ಆಟ. ಹತ್ತಕ್ಕೆ ಮುಟ್ಟಿದ ಎಣಿಕೆ ಹತ್ತರಲ್ಲೇ ನಿಂತಿರುತ್ತದೆ. ರಿಸೆಟ್ ಆದ ಮೇಲೆ ಒಂದೇ ಒಂದು ದೋಷ ಬಂದರೂ ಮತ್ತೆ ರಿಸೆಟ್. ಇದಕ್ಕೆ ಜೊತೆಯಾಗಿ, ಪ್ರೀ-ರಿಸೆಟ್‌ನಲ್ಲಿ ನಾವೇ ಯುಆರ್‌ಬಿಗಳನ್ನು ಕೊಂದಾಗ ಅವು −2 ಅಂತ ಮುಗಿಯುತ್ತವೆ. ಹಳೆಯ ಕೋಡ್ ಅದನ್ನೂ ದೋಷ ಅಂತ ಎಣಿಸುತ್ತಿತ್ತು. −2, −104, −108 ಇವು ನಿಲ್ಲಿಸಿದ್ದರ ಗುರುತು, ತಂತಿಯ ದೋಷ ಅಲ್ಲ. ಇವು ಬಂದರೆ ಎಣಿಸದೆ, ಮತ್ತೆ ಹಾಕದೆ ಸುಮ್ಮನೆ ಹಿಂದಿರುಗಬೇಕು.

ಈಗಿನ ಕ್ರಮ ಹೀಗಿದೆ. ಪ್ರೀ-ರಿಸೆಟ್ ಮೊದಲು ಮ್ಯೂಟೆಕ್ಸ್ (ಒಂದು ಕೆಲಸಕ್ಕೆ ಇನ್ನೊಂದು ಅಡ್ಡಬರದಂತೆ ತಡೆಯುವ ಬೀಗ) ಹಿಡಿಯುತ್ತದೆ, ಹೊಸ ಓದು ಬರಹ ನಿಲ್ಲುತ್ತದೆ. ಆಮೇಲೆ ಯುಆರ್‌ಬಿಗಳನ್ನು ಕೊಲ್ಲುತ್ತದೆ. ಇಲ್ಲಿ ಅನ್‌ಲಿಂಕ್ ಬೇಡ, ಕಿಲ್ ಬೇಕು. ಕಿಲ್ ಮುಗಿಯುವ ತನಕ ಕಾಯುತ್ತದೆ, ಅನ್‌ಲಿಂಕ್ ಕಾಯುವುದಿಲ್ಲ. ಪೋಸ್ಟ್-ರಿಸೆಟ್ ಬಫರ್ ಮತ್ತು ಎಣಿಕೆ ಅಳಿಸಿ, ಸೆಟ್ಟಿಂಗ್ ಕಳಿಸಿ, ಪೋರ್ಟ್ ತೆರೆದಿದ್ದರೆ ಮಾತ್ರ ಓದುವ ಯುಆರ್‌ಬಿ ಹಾಕಿ, ಮ್ಯೂಟೆಕ್ಸ್ ಬಿಡುತ್ತದೆ. ಸೆಟ್ಟಿಂಗ್ ಮೊದಲು, ಓದು ಆಮೇಲೆ. ತಿರುವುಮುರುವಾದರೆ ತಪ್ಪು ಪ್ಯಾರಿಟಿಯ ಕೆಲವು ಬೈಟುಗಳು ನುಸುಳುತ್ತವೆ. ಸೆಟ್ಟಿಂಗ್ ಕಳಿಸಲು ಬಳಸುವ ಬಫರ್ ಸ್ಟಾಕ್ ಮೇಲೆ ಇರಬಾರದು, ಡಿಎಂಎಗೆ (ಹಾರ್ಡ್‌ವೇರ್ ನೇರವಾಗಿ ಮೆಮೊರಿ ಮುಟ್ಟುವುದಕ್ಕೆ) ಆಗುವಂಥ ಕೆ-ಮ್ಯಾಲಕ್ ಬಫರ್ ಆಗಬೇಕು.

ಸೆಟ್ಟಿಂಗ್ ಹೋಗದಿದ್ದರೆ? ಕೆಲವು ಚಿಪ್‌ಗಳು ರಿಸೆಟ್ ಆದ ಕೂಡಲೇ ಮಾತಿಗೆ ಸಿಗುವುದಿಲ್ಲ, −110 ಟೈಮ್‌ಔಟ್ ಬರುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಕೇಳಬೇಕು. ಆಗಲೂ ಆಗದಿದ್ದರೆ ಸೊನ್ನೆ ಬೇಡ, ದೋಷವನ್ನೇ ವಾಪಸ್ ಕೊಡಿ. ಪೋಸ್ಟ್-ರಿಸೆಟ್ ಸೊನ್ನೆಯಲ್ಲದ್ದನ್ನು ಕೊಟ್ಟರೆ ಕೋರ್ ಡ್ರೈವರನ್ನು ಬಿಡಿಸಿ ಮತ್ತೆ ಜೋಡಿಸುತ್ತದೆ. ತಪ್ಪು ತೂಕ ಬರುವುದಕ್ಕಿಂತ ಪ್ರೋಗ್ರಾಂ ಒಮ್ಮೆ ಕೂಗಾಡುವುದು ವಾಸಿ.

ಪ್ರೋಗ್ರಾಂಗೂ ವಿಷಯ ಗೊತ್ತಾಗಬೇಕು. ಕರ್ನಲ್‌ನಲ್ಲಿ ಮಾದರಿಗಾಗಿ ಇಟ್ಟಿರುವ ಯುಎಸ್‌ಬಿ-ಸ್ಕೆಲಿಟನ್ ಡ್ರೈವರ್ ಪೋಸ್ಟ್-ರಿಸೆಟ್‌ನಲ್ಲಿ −32, ಅಂದರೆ ಪೈಪ್ ಮುರಿದಿದೆ ಅನ್ನುವ ದೋಷವನ್ನು ಬರೆದಿಡುತ್ತದೆ. ನಾವೂ ಅದನ್ನೇ ಅನುಸರಿಸಿದೆವು. ಮುಂದಿನ ಓದಿಗೆ ಅದು ಸಿಗುತ್ತದೆ. ಬಿಲ್ಲಿನ ಪ್ರೋಗ್ರಾಂ ಆಗ ಆ ಚೀಲದ ತೂಕವನ್ನು ಬಿಟ್ಟು, ಮತ್ತೆ ಸ್ಥಿರವಾದ ತೂಕ ಬರುವ ತನಕ ಕಾಯುತ್ತದೆ.

ಇನ್ನೊಂದು ಸಲಹೆ ಬಂದಿತ್ತು. ಪ್ರೋಗ್ರಾಂನಲ್ಲಿ ಎಂಟನೆಯ ಬಿಟ್ ಕತ್ತರಿಸಿದರೆ ಮುಗೀತಲ್ಲ, ಡ್ರೈವರ್ ಯಾಕೆ ಮುಟ್ಟಬೇಕು? ಈ ಸ್ಕೇಲಿನಲ್ಲಿ ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ವೇಗವೂ ಡೀಫಾಲ್ಟೂ ಒಂದೇ ಆಗಿರುವುದು ನಮ್ಮ ಅದೃಷ್ಟ, ಅಷ್ಟೇ. 19200ರಲ್ಲಿ ಓಡುವ ಸ್ಕೇಲ್ ಬಂದರೆ ಕತ್ತರಿಸಲು ಏನೂ ಉಳಿಯುವುದಿಲ್ಲ. ನನಗೆ ಒಪ್ಪಿಗೆಯಾಗಲಿಲ್ಲ.

ಪರೀಕ್ಷೆ

20 ಕಿಲೋ ಕಲ್ಲು ಇಟ್ಟು, ಓದು ನಡೆಯುತ್ತಿರುವಾಗಲೇ ಯುಎಸ್‌ಬಿರಿಸೆಟ್ಟನ್ನು ಲೂಪಿನಲ್ಲಿ ಓಡಿಸಬೇಕು. ಪ್ರತಿ ಸಲವೂ −32 ಬರಬೇಕು, ಅದರ ನಂತರ +020.00 ಬಿಟ್ಟು ಬೇರೇನೂ ಬರಬಾರದು. ಪೋರ್ಟ್ ಮುಚ್ಚಿದ್ದಾಗ ರಿಸೆಟ್ ಕೊಟ್ಟು ಆಮೇಲೆ ತೆರೆದು ನೋಡಬೇಕು. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಅರ್ಧ ಸಾಲು ಅಂಟುವ ದೋಷ ಹಿಡಿಯಲು ತೂಕ ಬದಲಾಗುತ್ತಿರಬೇಕು, ಒಬ್ಬರು ಪ್ಲಾಟ್‌ಫಾರ್ಮಿನ ಮೇಲೆ ಹತ್ತಿ ಇಳಿಯುತ್ತಿದ್ದರೆ ಸಾಕು.

ಮಲಗಿ ಏಳುವ ದಾರಿ ಬೇರೆ. ಕಂಪ್ಯೂಟರನ್ನು ಸಸ್ಪೆಂಡ್ ಮಾಡಿ ಎಬ್ಬಿಸಿದಾಗ ಎಲ್ಲ ಯಂತ್ರಗಳಲ್ಲೂ ಪೋರ್ಟಿನ ಪವರ್ ಹೋಗುವುದಿಲ್ಲ. ಹಾಗಾಗಿ ರಿಸೆಟ್-ರೆಸ್ಯೂಮ್ ಓಡದೇ ಇರಬಹುದು, ನೀವು ಪರೀಕ್ಷೆ ಆಯಿತು ಅಂದುಕೊಂಡಿರುತ್ತೀರಿ. ಯುಎಸ್‌ಬಿ-ಕೋರ್‌ನ ಕ್ವಿರ್ಕ್ಸ್ ಪ್ಯಾರಾಮೀಟರಿನಲ್ಲಿ ಸ್ಕೇಲಿನ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಜೊತೆ ಇಂಗ್ಲಿಷಿನ ಚಿಕ್ಕ ಬಿ ಅಕ್ಷರ ಕೊಟ್ಟರೆ ಪ್ರತಿ ಸಲ ಎದ್ದಾಗಲೂ ಆ ದಾರಿಯೇ ಓಡುತ್ತದೆ. ಪರೀಕ್ಷೆ ಮುಗಿದ ಮೇಲೆ ತೆಗೆಯಿರಿ.

ತಂತಿ

ಡ್ರೈವರ್ ಸರಿಯಾಯಿತು ಅಂತ ತಂತಿಯನ್ನು ಹಾಗೇ ಬಿಡಬಾರದು. ಯುಎಸ್‌ಬಿ 2.0ರಲ್ಲಿ ಫುಲ್-ಸ್ಪೀಡ್ ಕೇಬಲ್ ಹೆಚ್ಚೆಂದರೆ 5 ಮೀಟರ್. ಇಲ್ಲಿ ಎಕ್ಸ್‌ಟೆನ್ಶನ್ ಸೇರಿಸಿ ಅದನ್ನು ಮೀರಿತ್ತು, ಅದೂ ಮೋಟರಿನ ತ್ರೀ-ಫೇಸ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ. ಬೇರೆ ದಾರಿಯಲ್ಲಿ ಎಳೆದು, ಶೀಲ್ಡ್ ಇರುವ ಗಿಡ್ಡ ಕೇಬಲ್ ಹಾಕಿ, ಎರಡೂ ತುದಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿದ ಮೇಲೆ −71 ಅಪರೂಪವಾಯಿತು. ದೂರ ತಪ್ಪಿಸಲು ಆಗದಿದ್ದರೆ ಸ್ಕೇಲಿನ ಆರ್‌ಎಸ್-232 ಔಟ್‌ಪುಟ್ಟನ್ನೇ ದೂರಕ್ಕೆ ಎಳೆದು ಯುಎಸ್‌ಬಿ ಕನ್ವರ್ಟರನ್ನು ಕಂಪ್ಯೂಟರ್ ಪಕ್ಕ ಇಡಿ. 9600 ಬಾಡ್‌ನಲ್ಲಿ 15 ಮೀಟರ್ ತನಕ ಅದಕ್ಕೆ ತೊಂದರೆ ಇಲ್ಲ. ಹಾಗೆ ಮಾಡಿದರೂ ಆ ಕನ್ವರ್ಟರಿನ ಡ್ರೈವರ್ ರಿಸೆಟ್ಟನ್ನು ಹೇಗೆ ನೋಡಿಕೊಳ್ಳುತ್ತದೆ ಅಂತ ಮೇಲಿನ 20 ಕಿಲೋ ಪರೀಕ್ಷೆ ಒಮ್ಮೆ ಮಾಡಿ.

ಹೊರಗಿನ ಡ್ರೈವರ್ ಆದ್ದರಿಂದ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಬಿಲ್ಡ್ ಆಗಬೇಕು. ಆ ಬಿಲ್ಡನ್ನು ತಾನಾಗಿ ಮಾಡುವ ಡಿಕೆಎಂಎಸ್‌ಗೆ ಸೇರಿಸಿ, ಮಾಡ್ಯೂಲಿನ ವರ್ಶನ್ ನಂಬರ್ ಏರಿಸಿ. ಇಲ್ಲದಿದ್ದರೆ ಮುಂದಿನ ಸೀಸನ್ನಿನಲ್ಲಿ ಓಡುತ್ತಿರುವುದು ಹಳೆಯದೋ ಹೊಸದೋ ಅಂತ ಗೊತ್ತಾಗುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಇರುವ ಕಂಪ್ಯೂಟರ್ ಆದರೆ ಮಾಡ್ಯೂಲಿಗೆ ಸಹಿ ಹಾಕುವ ಕೀಯನ್ನು ಒಮ್ಮೆ ನೋಂದಾಯಿಸಬೇಕು. ಕೀ ನೋಂದಾಯಿಸುವ ನೀಲಿ ಪರದೆ ರೀಸ್ಟಾರ್ಟ್ ಆಗುವಾಗ ಮಾತ್ರ ಬರುತ್ತದೆ. ರೈಟರಿಗೆ ಮೊದಲೇ ಹೇಳಿಟ್ಟಿರಿ, ಅವರು ಎಂಟರ್ ಒತ್ತಿ ದಾಟಿಸಿಬಿಟ್ಟರೆ ಡ್ರೈವರ್ ಲೋಡ್ ಆಗುವುದಿಲ್ಲ.